ಸಮೀಕ್ಷೆಯಲ್ಲಿ ಬಹುಮತ ಬಂದರೆ ದ್ವೇಷ ಭಾಷಣ ಕಾನೂನಿಗೆ ಜನ ಒಪ್ಪಿದಂತೆಯೇ?

ದ್ವೇಷ ಭಾಷಣಕ್ಕೆ ಕಠಿಣ ಶಿಕ್ಷೆ ಬೇಕೆಂದು ಸಮೀಕ್ಷೆಯೊಂದರಲ್ಲಿ ಬಹುಪಾಲು ಜನ ಹೇಳಿದರೆ, ಕಾನೂನು ತರಲು ಸರ್ಕಾರಕ್ಕೆ ಅಷ್ಟು ಸಾಲದೇ ಎಂದು ಕೇಳಿದ್ದೀರಿ. ಸಾಲದು ಎಂಬುದು ನನ್ನ ಖಚಿತ ಅಭಿಪ್ರಾಯ. ಬೆಂಗಳೂರಿನ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುವವನಾದ್ದರಿಂದ ಮೊದಲು ಸಮೀಕ್ಷೆಯ ವಿಚಾರ ಹೇಳುತ್ತೇನೆ. ಆದರೆ ತೊಡಕಿನ ಬೇರು ಇರುವುದು ಕಾನೂನಿನ ಜಾರಿಯಲ್ಲಿ.

ಚುನಾವಣಾ ಸಮೀಕ್ಷೆಯ ಸರಿತಪ್ಪು ಒಂದು ದಿನ ಬಯಲಾಗಿಯೇ ತೀರುತ್ತದೆ. 2024ರ ಲೋಕಸಭಾ ಚುನಾವಣೆಯಲ್ಲಿ ಹಲವು ಮತಗಟ್ಟೆ ಸಮೀಕ್ಷೆಗಳು ಎನ್‌ಡಿಎಗೆ 350ಕ್ಕೂ ಹೆಚ್ಚು ಸ್ಥಾನ ಬರುತ್ತದೆಂದಿದ್ದವು. ಜೂನ್ 4ರ ಎಣಿಕೆಯಲ್ಲಿ ಬಂದದ್ದು 293. ಕಾನೂನಿನ ಕುರಿತ ಅಭಿಪ್ರಾಯ ಸಮೀಕ್ಷೆಗೆ ಇಂಥ ಎಣಿಕೆಯ ದಿನವೇ ಇಲ್ಲ. ಹಾಗಾಗಿ ಒಮ್ಮೆ ಪ್ರಕಟವಾದ ಅಂಕಿಯನ್ನು ಯಾರೂ ತಾಳೆ ನೋಡದೆ, ಟಿವಿ ಚರ್ಚೆಯಿಂದ ಸದನದ ಭಾಷಣದವರೆಗೆ ಅದನ್ನೇ ಜನಾದೇಶವೆಂಬಂತೆ ಬಳಸುತ್ತಾರೆ.

ಒಂದು ಸಾವಿರ ಜನರ ಯಾದೃಚ್ಛಿಕ ಮಾದರಿಯಲ್ಲಿ, ಅಂದರೆ ಚೀಟಿ ಎತ್ತಿದಂತೆ ಆರಿಸಿದ ಜನರ ಗುಂಪಿನಲ್ಲಿ, ಫಲಿತಾಂಶ ಶೇ 3ರಷ್ಟು ಆಚೀಚೆ ಆಗಬಹುದು ಎಂಬ ಲೆಕ್ಕ ಸರಿಯೇ. ಆದರೆ ಯಾರು ಮಾದರಿಯಿಂದ ಹೊರಗುಳಿದರು, ಪ್ರಶ್ನೆಯನ್ನು ಹೇಗೆ ಕೇಳಲಾಯಿತು ಎಂಬುದರಿಂದ ಆಗುವ ದೋಷ ಆ ಶೇ 3ರಲ್ಲಿ ಸೇರಿಲ್ಲ. ನಮ್ಮ ಊರಿನಲ್ಲೇ ನೋಡಿ: ವೈಟ್‌ಫೀಲ್ಡ್‌ನ ಅಪಾರ್ಟ್‌ಮೆಂಟ್‌ಗಳಲ್ಲಿ ಸಮೀಕ್ಷೆಯವರನ್ನು ಗೇಟಿನಿಂದ ಒಳಗೆ ಬಿಡುವುದು ಕಷ್ಟ, ಕೆ.ಆರ್. ಮಾರುಕಟ್ಟೆಯ ಹಮಾಲಿಗಳು ಹಗಲಿನಲ್ಲಿ ಮನೆಯಲ್ಲಿ ಸಿಗುವುದಿಲ್ಲ.

ಪ್ರಶ್ನೆಯ ಮಾತು ಇದಕ್ಕಿಂತ ಮುಖ್ಯವಾದದ್ದು. ‘ದ್ವೇಷ ಹರಡುವವರಿಗೆ ಶಿಕ್ಷೆಯಾಗಬೇಕೇ?’ ಎಂದು ಕೇಳಿದರೆ ಬೇಡವೆನ್ನುವವರು ಎಷ್ಟು ಜನ ಸಿಕ್ಕಾರು? ‘ನೀವು ಮತ ಹಾಕದ ಪಕ್ಷ ಅಧಿಕಾರದಲ್ಲಿದ್ದಾಗ, ನಿಮ್ಮ ಮಾತು ದ್ವೇಷದ್ದೆಂದು ಠಾಣೆಯ ಅಧಿಕಾರಿ ಭಾವಿಸಿ ಜಾಮೀನುರಹಿತ ಪ್ರಕರಣ ದಾಖಲಿಸುವುದನ್ನು ಒಪ್ಪುತ್ತೀರಾ?’ ಎಂದೂ ಕೇಳಬಹುದು. ಮಾದರಿಯನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಮೊದಲ ಪ್ರಶ್ನೆಯನ್ನೂ ಇನ್ನೊಂದಕ್ಕೆ ಎರಡನೆಯದನ್ನೂ ಕೇಳಿ ಹೋಲಿಸಿದ ಸಮೀಕ್ಷೆಯನ್ನು ಮಾತ್ರ ನಾನು ಈ ವಿಷಯದಲ್ಲಿ ಗಂಭೀರವಾಗಿ ಪರಿಗಣಿಸುತ್ತೇನೆ. ಮೊದಲ ಪ್ರಶ್ನೆಯಿಂದ ತಿಳಿಯುವುದು ದ್ವೇಷದ ಬಗ್ಗೆ ಜನರಿಗಿರುವ ಬೇಸರವೇ ಹೊರತು ಕಾನೂನಿಗೆ ಅವರ ಒಪ್ಪಿಗೆಯಲ್ಲ.

ಇನ್ನು ಕಾನೂನು. ನಮ್ಮ ರಾಜ್ಯದಲ್ಲಿ 2025ರ ಡಿಸೆಂಬರ್‌ನ ಬೆಳಗಾವಿ ಅಧಿವೇಶನದಲ್ಲಿ ಅಂಗೀಕಾರವಾದ ದ್ವೇಷ ಭಾಷಣ ತಡೆ ವಿಧೇಯಕ 7 ವರ್ಷದವರೆಗಿನ ಸೆರೆವಾಸವನ್ನು ಹೇಳುತ್ತದೆ. ಹಾಗೆಂದು ಇದುವರೆಗೆ ಕಾನೂನೇ ಇರಲಿಲ್ಲ ಎಂದೇನಲ್ಲ. ಧಾರ್ಮಿಕ ಭಾವನೆಗೆ ಧಕ್ಕೆ ತರುವುದರ ವಿರುದ್ಧ ಭಾರತೀಯ ದಂಡ ಸಂಹಿತೆಗೆ 295ಎ ಸೇರಿದ್ದು 1927ರಲ್ಲಿ. ಗುಂಪುಗಳ ನಡುವೆ ವೈರ ಬಿತ್ತುವುದಕ್ಕೆ 153ಎ ಇತ್ತು. ಈಗ ದಂಡ ಸಂಹಿತೆಯ ಬದಲಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅವು ಕ್ರಮವಾಗಿ 299 ಮತ್ತು 196ನೆಯ ಕಲಮುಗಳಾಗಿವೆ, ಮತ್ತು 196ರಡಿ 3 ವರ್ಷ, ಪೂಜಾಸ್ಥಳದಲ್ಲಿ ಎಸಗಿದ ಅಪರಾಧವಾದರೆ 5 ವರ್ಷದವರೆಗೆ ಶಿಕ್ಷೆಗೆ ಅವಕಾಶವಿದೆ.

ಆದರೂ ಭಾಷಣಗಳು ನಿಂತಿಲ್ಲ. ಈ ಕಲಮುಗಳಡಿ ನ್ಯಾಯಾಲಯ ವಿಚಾರಣೆಗೆ ತೆಗೆದುಕೊಳ್ಳಬೇಕಾದರೆ ಕೇಂದ್ರ ಅಥವಾ ರಾಜ್ಯ ಸರ್ಕಾರದ ಪೂರ್ವಾನುಮತಿ ಬೇಕು. ಆಳುವವರ ಕಡೆಯವರೇ ಮಾತಾಡಿದ್ದರೆ ಅನುಮತಿ ಕೊಡಬೇಕಾದವರೂ ಅವರ ಕಡೆಯವರೇ. ದೂರು ಬರಲೆಂದು ಕಾಯದೆ ತಾವಾಗಿಯೇ ಪ್ರಕರಣ ದಾಖಲಿಸಬೇಕೆಂದು ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್‌ನಲ್ಲಿ ದೆಹಲಿ, ಉತ್ತರ ಪ್ರದೇಶ ಮತ್ತು ಉತ್ತರಾಖಂಡದ ಪೊಲೀಸರಿಗೆ ಹೇಳಬೇಕಾಯಿತು; 2023ರ ಏಪ್ರಿಲ್‌ನಲ್ಲಿ ಅದನ್ನು ಎಲ್ಲ ರಾಜ್ಯಗಳಿಗೂ ವಿಸ್ತರಿಸಿತು. ದಾಖಲಾದ ಮೇಲೆ ಹಿಂಪಡೆಯುವ ದಾರಿಯೂ ಇದೆ. 2022ರ ಹಳೇ ಹುಬ್ಬಳ್ಳಿ ಗಲಭೆ ಸೇರಿದಂತೆ ಹಲವು ಪ್ರಕರಣಗಳನ್ನು ಹಿಂಪಡೆಯುವ ರಾಜ್ಯ ಸರ್ಕಾರದ ಆದೇಶವನ್ನು 2025ರಲ್ಲಿ ಹೈಕೋರ್ಟ್ ರದ್ದುಪಡಿಸಿತು. ಈ ರೂಢಿ ಯಾವುದೇ ಒಂದು ಪಕ್ಷಕ್ಕೆ ಸೀಮಿತವಲ್ಲ ಎಂಬುದೇ ನನ್ನನ್ನು ಹೆಚ್ಚು ಕಾಡುತ್ತದೆ. ಶಿಕ್ಷೆಯ ಅವಧಿಯನ್ನು 3ರಿಂದ 7ಕ್ಕೆ ಏರಿಸಿದರೆ ಈ ಯಾವುದೂ ಬದಲಾಗದು. ಆಯ್ದು ಬಳಸುವವರ ಕೈಗೆ ಇನ್ನಷ್ಟು ಬಲ ಬರುತ್ತದೆ, ಅಷ್ಟೇ.

ಹಾಗಾದರೆ ಕಾನೂನೇ ಬೇಡವೇ ಎಂದರೆ, ಬೇಕು. ಒಂದು ಸಮುದಾಯದ ಮೇಲೆ ಕೈಮಾಡಿ ಎಂದು ವೇದಿಕೆಯಿಂದ ಕರೆ ಕೊಡುವುದನ್ನು ಅಭಿಪ್ರಾಯ ಸ್ವಾತಂತ್ರ್ಯವೆಂದು ನಾನು ಒಪ್ಪಲಾರೆ. ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹ ಸಂದೇಶ ಕಳುಹಿಸುವುದನ್ನು ಅಪರಾಧವಾಗಿಸಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು 2015ರಲ್ಲಿ ರದ್ದು ಮಾಡಿದಾಗ ಸುಪ್ರೀಂ ಕೋರ್ಟ್ ಚರ್ಚೆ, ಪ್ರತಿಪಾದನೆ ಮತ್ತು ಪ್ರಚೋದನೆ ಎಂಬ ಮೂರು ಹಂತಗಳನ್ನು ಬೇರ್ಪಡಿಸಿ, ಪ್ರಚೋದನೆಯ ಹಂತ ಮುಟ್ಟಿದಾಗಲೇ ಮಾತಿಗೆ ನಿರ್ಬಂಧ ಹೇರಬಹುದೆಂದಿತು. ಹೊಸ ಕಾನೂನಿನ ವ್ಯಾಖ್ಯೆ ಆ ಗೆರೆಯೊಳಗೇ ಇರಬೇಕು. ಅನುಮತಿಯ ಅರ್ಜಿಯನ್ನು ಇಷ್ಟು ದಿನಗಳೊಳಗೆ ತೀರ್ಮಾನಿಸಲೇಬೇಕು, ನಿರಾಕರಿಸಿದರೆ ಕಾರಣವನ್ನು ಬರೆದು ಪ್ರಕಟಿಸಬೇಕು ಎಂಬ ನಿಯಮವೂ ಅದರಲ್ಲಿರಬೇಕು. ಈ ಎರಡು ಅಂಶಗಳ ಬಗ್ಗೆ ಜನರನ್ನು ಕೇಳಿದ ಸಮೀಕ್ಷೆ ನಿಮ್ಮ ಬಳಿ ಇದ್ದರೆ, ಅದರ ಪ್ರಶ್ನಾವಳಿಯ ಸಮೇತ ಇಲ್ಲಿ ಹಂಚಿಕೊಳ್ಳಿ, ಓದಿ ಉತ್ತರಿಸುತ್ತೇನೆ.