‘ರಕ್ತ ಚೊಕ್ಕಟವಾಗಿದೆಯಂತೆ, ಊರಿಗೆ ಕರೆದುಕೊಂಡು ಹೋಗಬಹುದೇ?’

ಮುಂಬಯಿಯ ಪರೇಲಿನಲ್ಲಿ ಕ್ಯಾನ್ಸರ್ ಪೀಡಿತ ಮಕ್ಕಳಿಗೂ ಅವರ ಮನೆಯವರಿಗೂ ಆಸರೆಯಾಗುವ ಒಂದು ಸೇವಾಸಂಸ್ಥೆಯಲ್ಲಿ 19 ವರ್ಷಗಳಿಂದ ವೈದ್ಯಕೀಯ ಸಮಾಜ ಕಾರ್ಯಕರ್ತೆಯಾಗಿದ್ದೇನೆ. ನಾನು ವೈದ್ಯೆಯಲ್ಲ. ವೈದ್ಯರು ಬರೆದ ಔಷಧಿ ಕೊನೆಯ ದಿನದವರೆಗೂ ಮಗುವಿನ ಮೈಗೆ ಸೇರುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ಕನ್ನಡ ಬಲ್ಲವಳೆಂದು ವಿಜಯಪುರ, ಕಲಬುರಗಿ, ಬೀದರ್, ಬೆಳಗಾವಿ ಕಡೆಯಿಂದ ಬಂದವರನ್ನೆಲ್ಲ ನನ್ನ ಮೇಜಿಗೇ ಕಳಿಸುತ್ತಾರೆ. ಆದ್ದರಿಂದ ಕೆಳಗಿನ ಪ್ರಶ್ನೆಗಳಲ್ಲಿ ಒಂದೂ ನನಗೆ ಹೊಸದಲ್ಲ. ಮೊದಲನೆಯದನ್ನಂತೂ ಕೇಳಿದಾಗಲೆಲ್ಲ ಎದೆ ಧಸಕ್ಕೆನ್ನುತ್ತದೆ. ಅದಕ್ಕೇ ಹೆಚ್ಚಿನ ಜಾಗ ಕೊಟ್ಟಿದ್ದೇನೆ. ಕೀಮೋ ಎಂದರೇನು, ಕೂದಲು ಯಾಕೆ ಉದುರುತ್ತದೆ ಎಂಬುದನ್ನೆಲ್ಲ ಆಸ್ಪತ್ರೆಯಲ್ಲಿ ಹೇಳಿರುತ್ತಾರೆ, ಇಲ್ಲಿ ಮತ್ತೆ ಹೇಳುವುದಿಲ್ಲ.

ನನ್ನ ತಂಗಿಯ ಆರು ವರ್ಷದ ಮಗನಿಗೆ ಎ.ಎಲ್.ಎಲ್. ಎಂಬ ರಕ್ತದ ಕ್ಯಾನ್ಸರ್. ಇಂಡಿ ತಾಲ್ಲೂಕಿನ ಹಳ್ಳಿಯಿಂದ ಬಂದು ಟಾಟಾ ಆಸ್ಪತ್ರೆಯಲ್ಲಿ ಐದು ವಾರ ಚಿಕಿತ್ಸೆ ಆಗಿದೆ. ಈಗ ಮೂಳೆಯ ಮಜ್ಜೆಯಲ್ಲಿ ಕ್ಯಾನ್ಸರ್ ಕಾಣುತ್ತಿಲ್ಲ ಎಂದಿದ್ದಾರೆ. ಆದರೂ ಇನ್ನೂ ಎರಡು ವರ್ಷ ಬೇಕಂತೆ. ಭಾವನ ದುಡಿಮೆ ನಿಂತಿದೆ. ಆಸ್ಪತ್ರೆಯವರು ಹಣಕ್ಕಾಗಿ ಎಳೆಯುತ್ತಿದ್ದಾರೆ, ಊರಿಗೆ ಕರೆತಂದು ನಾಟಿ ಪುಡಿ ಕೊಡಿಸೋಣ ಎನ್ನುತ್ತಾರೆ ಹಿರಿಯರು. ಏನು ಮಾಡಲಿ? — ಥಾಣೆಯ ಓದುಗರು

ಕರೆದುಕೊಂಡು ಹೋಗಬೇಡಿ. ನಿಮ್ಮ ತಂಗಿಗೆ ಈ ಉತ್ತರವನ್ನು ಇವತ್ತೇ ಓದಿ ಹೇಳಿ.

‘ಕಾಣುತ್ತಿಲ್ಲ’ ಎಂಬ ಮಾತನ್ನು ‘ಇಲ್ಲ’ ಎಂದು ಕೇಳಿಸಿಕೊಂಡಿದ್ದೀರಿ. ಎಲ್ಲ ಅನಾಹುತ ಶುರುವಾಗುವುದು ಇಲ್ಲಿಂದಲೇ. ರೋಗ ಪತ್ತೆಯಾದ ದಿನ ಇಂಥ ಮಗುವಿನ ಮೈಯಲ್ಲಿ ಸುಮಾರು ಒಂದು ಲಕ್ಷ ಕೋಟಿ ಕ್ಯಾನ್ಸರ್ ಕಣಗಳಿರುತ್ತವೆ. ಮೊದಲ ತಿಂಗಳ ಔಷಧಿ ಅವುಗಳಲ್ಲಿ ನೂರಕ್ಕೆ 99ನ್ನು ಕೊಂದಿತು ಎನ್ನಿ, ಆಗಲೂ ಸಾವಿರ ಕೋಟಿ ಉಳಿದಿರುತ್ತವೆ. ಸೂಕ್ಷ್ಮದರ್ಶಕದ ಕೆಳಗೆ ಅವು ಸಿಗದಿರಬಹುದು. ಮಗು ಎದ್ದು ಓಡಾಡುತ್ತದೆ, ರೊಟ್ಟಿ ಕೇಳಿ ತಿನ್ನುತ್ತದೆ, ಕೆನ್ನೆ ತುಂಬಿಕೊಳ್ಳುತ್ತದೆ. ನಿಮ್ಮ ಭಾವ ರೈತರಾದರೆ ಅವರಿಗೆ ಹೀಗೆ ಹೇಳಿ: ಹೊಲದ ಕರಿಕೆಯನ್ನು ಮೇಲೆ ಮೇಲೆ ಕಿತ್ತರೆ ಹೊಲ ಚೊಕ್ಕಟವಾಗಿಯೇ ಕಾಣುತ್ತದೆ, ಬೇರು ಉಳಿದಿದ್ದರೆ ಒಂದು ಮಳೆ ಸಾಕು. ಈ ಮಾತು ಅರ್ಥವಾಗದ ರೈತನನ್ನು ನಾನು ಇನ್ನೂ ಕಂಡಿಲ್ಲ.

ಎರಡು, ಎರಡೂವರೆ ವರ್ಷದ ಲೆಕ್ಕ ಯಾವುದೋ ಒಂದು ಆಸ್ಪತ್ರೆ ಮಾಡಿದ್ದಲ್ಲ. ಬೇಗ ನಿಲ್ಲಿಸಿದರೆ ರೋಗ ಮರಳುತ್ತದೆ ಎಂಬುದು ಜಗತ್ತಿನಾದ್ಯಂತ ಮಕ್ಕಳನ್ನು ಕಳೆದುಕೊಂಡು ಕಲಿತ ಪಾಠ. ಹಣಕ್ಕಾಗಿ ಎಳೆಯುತ್ತಾರೆ ಎಂಬ ಮಾತು ಬೇಸರ ತರಿಸುತ್ತದೆ. ಟಾಟಾ ಮೆಮೋರಿಯಲ್ ಆಸ್ಪತ್ರೆ 1941ರಲ್ಲಿ ಟ್ರಸ್ಟಿನಿಂದ ಆರಂಭವಾಗಿ, 1962ರಿಂದ ಕೇಂದ್ರದ ಪರಮಾಣು ಶಕ್ತಿ ಇಲಾಖೆಯ ಕೆಳಗಿದೆ. ನಿಮ್ಮ ಮಗುವನ್ನು ಇನ್ನೊಂದು ವರ್ಷ ಇಟ್ಟುಕೊಂಡರೆ ಅಲ್ಲಿ ಯಾರ ಜೇಬೂ ತುಂಬುವುದಿಲ್ಲ. ಬೆಳಗಿನ ಜಾವದಿಂದ ಹೊರಗೆ ಕಾದು ಕುಳಿತವರ ಸಾಲನ್ನು ನೋಡಿದವರು ಈ ಮಾತು ಆಡಲಾರರು.

ಇನ್ನು ಬೆನ್ನಿಗೆ ಹಾಕುವ ಸೂಜಿ. ನೀವು ಕೇಳಿಲ್ಲ, ಆದರೆ ನಿಮ್ಮ ಹಿರಿಯರು ಕೇಳಿಯೇ ಕೇಳುತ್ತಾರೆ, ಅದಕ್ಕೇ ಹೇಳುತ್ತೇನೆ. ರಕ್ತನಾಳಕ್ಕೆ ಕೊಟ್ಟ ಔಷಧಿ ಮೆದುಳು, ಬೆನ್ನುಹುರಿಯ ಸುತ್ತಲಿನ ನೀರಿಗೆ ಸಾಕಷ್ಟು ಇಳಿಯುವುದಿಲ್ಲ. ಕ್ಯಾನ್ಸರ್ ಕಣಗಳು ಅಲ್ಲಿ ಅಡಗುತ್ತವೆ. ಅದಕ್ಕಾಗಿ ನೇರವಾಗಿ ಅಲ್ಲಿಗೇ ಔಷಧಿ ಕೊಡಬೇಕು. ಆ ಸೂಜಿಯಿಂದ ಕಾಲು ಬಿದ್ದುಹೋಗುತ್ತದೆ ಎಂದು ಹಳ್ಳಿ ಹಳ್ಳಿಯಲ್ಲಿ ಹಬ್ಬಿದೆ. ಕೆಲವು ಮಕ್ಕಳ ಪಾದ ಜೋಲುವುದು, ಎಡವುವುದು ನಿಜ. ಹೆಚ್ಚಾಗಿ ಅದಕ್ಕೆ ಕಾರಣ ರಕ್ತನಾಳಕ್ಕೆ ಕೊಡುವ ವಿನ್‌ಕ್ರಿಸ್ಟಿನ್ ಎಂಬ ಔಷಧಿ, ಬೆನ್ನಿನ ಸೂಜಿಯಲ್ಲ. ವೈದ್ಯರಿಗೆ ತಿಳಿಸಿದರೆ ಪ್ರಮಾಣ ಸರಿಹೊಂದಿಸುತ್ತಾರೆ, ವ್ಯಾಯಾಮ ಹೇಳಿಕೊಡುತ್ತಾರೆ, ಬಹುತೇಕ ಮಕ್ಕಳಲ್ಲಿ ಕ್ರಮೇಣ ಸರಿಹೋಗುತ್ತದೆ. ಹೇಳದೆ ಮಗುವನ್ನು ಎತ್ತಿಕೊಂಡು ಊರಿಗೆ ಓಡಿದವರನ್ನು ಕಂಡಿದ್ದೇನೆ.

ನಾಟಿ ಪುಡಿಯ ಬಗ್ಗೆ ನನ್ನಲ್ಲಿ ಸಮಾಧಾನದ ಮಾತು ಹುಡುಕಬೇಡಿ. ಇಂಥ ಹೆಸರಿಲ್ಲದ ಪುಡಿಗಳಲ್ಲಿ ಸೀಸ, ಪಾದರಸ, ಪಾಷಾಣ ಸಿಕ್ಕಿದ್ದುಂಟು. ಸ್ಟೀರಾಯ್ಡ್ ಬೆರೆಸಿ ಕೊಡುವುದೂ ಉಂಟು. ರಕ್ತದ ಕ್ಯಾನ್ಸರಿಗೆ ಆಸ್ಪತ್ರೆಯಲ್ಲಿ ಕೊಡುವ ಔಷಧಿಗಳಲ್ಲಿ ಸ್ಟೀರಾಯ್ಡ್ ಕೂಡ ಒಂದು. ಹಾಗಾಗಿ ಪುಡಿ ತಿಂದ ಮಗುವಿಗೆ ನಾಲ್ಕು ದಿನ ಹಸಿವಾಗುತ್ತದೆ, ಗಂಟು ಇಳಿಯುತ್ತದೆ, ಪುಡಿ ಕೊಟ್ಟವನು ದೇವರಾಗುತ್ತಾನೆ. ಆಮೇಲೆ ರೋಗ ಮರಳಿದಾಗ ಮೊದಲಿಗಿಂತ ಗಟ್ಟಿಯಾಗಿರುತ್ತದೆ, ಮೊದಲು ನಾಟಿದ ಔಷಧಿ ಈಗ ನಾಟುವುದಿಲ್ಲ, ಮಜ್ಜೆ ಕಸಿಯ ಮಾತು ಬರುತ್ತದೆ. ಆಗ ಪುಡಿ ಕೊಟ್ಟವನು ಫೋನ್ ಎತ್ತುವುದಿಲ್ಲ. ಮಕ್ಕಳ ಪ್ರಾಣದ ಮೇಲೆ ಅಂಗಡಿ ಇಟ್ಟವರು ಇವರು.

ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಏಳು ವರ್ಷದ ಒಬ್ಬಳು ಹುಡುಗಿ, ಇದೇ ಕಾಯಿಲೆ, ನಾಲ್ಕು ತಿಂಗಳ ಚಿಕಿತ್ಸೆ ಚೆನ್ನಾಗಿ ಆಗಿತ್ತು. ಮನೆಯಲ್ಲಿ ಮದುವೆ, ಹದಿನೈದು ದಿನಕ್ಕೆ ಹೋಗಿ ಬರುತ್ತೇವೆ ಎಂದರು. ಟಿಕೆಟ್ಟಿಗೆ ಹಣ ಕೊಟ್ಟವಳು ನಾನೇ. ಅಕ್ಕಪಕ್ಕದ ಎರಡು ಫೋನ್ ನಂಬರ್ ಬರೆದುಕೊಳ್ಳಲಿಲ್ಲ, ಊರಿನ ಆಶಾ ಕಾರ್ಯಕರ್ತೆ ಯಾರೆಂದು ಕೇಳಲಿಲ್ಲ. ಒಂದೇ ನಂಬರ್ ಇತ್ತು, ಮೂರನೇ ವಾರ ಅದು ಬಂದ್ ಆಯಿತು. ಎಂಟು ತಿಂಗಳ ಮೇಲೆ ಅಪ್ಪ ಅವಳನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದರು. ಅವಳ ಫೈಲು ಬಟ್ಟೆ ಅಂಗಡಿಯ ಅದೇ ಹಳದಿ ಚೀಲದಲ್ಲಿತ್ತು, ಮಡಿಕೆ ಕೂಡ ಬಿಚ್ಚಿರಲಿಲ್ಲ. ಆ ಸಲ ಅವಳು ಉಳಿಯಲಿಲ್ಲ. ಅಂದಿನಿಂದ ಮೂರು ನಂಬರ್ ಕೊಡದವರಿಗೆ ನಾನು ಟಿಕೆಟ್ ಕೊಡಿಸುವುದಿಲ್ಲ. ಅದಕ್ಕಾಗಿ ಬೈಸಿಕೊಂಡಿದ್ದೇನೆ, ಇರಲಿ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ಬಡ ಮತ್ತು ಮಧ್ಯಮ ಆದಾಯದ ಎಷ್ಟೋ ದೇಶಗಳಲ್ಲಿ 30 ಕೂಡ ಇಲ್ಲ. ಇದಕ್ಕಿರುವ ಕಾರಣಗಳಲ್ಲಿ ನಡುವೆ ಚಿಕಿತ್ಸೆ ಬಿಡುವುದೂ ಒಂದು. ಸತತ ನಾಲ್ಕು ವಾರ ತಪ್ಪಿಸಿದರೆ ಕೈಬಿಟ್ಟಂತೆಯೇ ಲೆಕ್ಕ.

ಹಾಗೆಂದು ಎರಡು ವರ್ಷವೂ ಮುಂಬಯಿಯಲ್ಲೇ ಬೀಳಬೇಕಿಲ್ಲ. ಕಠಿಣ ಹಂತ ಮುಗಿಯಲು ಕೆಲವು ತಿಂಗಳು ಬೇಕು. ಆಮೇಲಿನ ಹಂತದಲ್ಲಿ ಹೆಚ್ಚಿನದು ಮನೆಯಲ್ಲೇ ನುಂಗುವ ಮಾತ್ರೆ. ಆಗ ವೈದ್ಯರನ್ನೇ ಕೇಳಿ, ಊರಿನ ಸಮೀಪದ ಆಸ್ಪತ್ರೆಗೆ ಪತ್ರ ಬರೆಸಿಕೊಂಡು ಹೋಗಿ. ಒಂದು ಎಚ್ಚರ: ಆ ಹಂತದಲ್ಲಿ ಒಂದು ಮಾತ್ರೆ ದಿನವೂ, ಮೆಥೋಟ್ರೆಕ್ಸೇಟ್ ಎಂಬ ಮಾತ್ರೆ ವಾರಕ್ಕೊಮ್ಮೆ ಮಾತ್ರ. ಅದನ್ನು ಮರೆತು ದಿನವೂ ಕೊಟ್ಟರೆ ವಿಷ. ಓದು ಬಾರದ ಒಬ್ಬ ತಾಯಿ ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ಗುರುವಾರದ ಚೌಕಕ್ಕೆ ಕುಂಕುಮದ ಬೊಟ್ಟು ಇಟ್ಟಿದ್ದರು. ಮಾತ್ರೆ ಕೊಟ್ಟ ಮೇಲೆ ಬೊಟ್ಟಿನ ಮೇಲೆ ಬೆರಳಿನಿಂದ ಅರಿಸಿನ. ಎರಡು ವರ್ಷದಲ್ಲಿ ಒಂದು ಗುರುವಾರವೂ ತಪ್ಪಲಿಲ್ಲ.

ಜ್ವರ 100.4 ಡಿಗ್ರಿ ಮುಟ್ಟಿದರೆ ಹಗಲಿರಲಿ, ಮಧ್ಯರಾತ್ರಿಯಿರಲಿ, ಆಸ್ಪತ್ರೆಗೆ ಹೊರಡಿ. ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲಿ ಎಂದು ಕೂರಬೇಡಿ. ಬಿಳಿ ರಕ್ತಕಣ ಇಳಿದ ಮಗುವಿಗೆ ಸೋಂಕು ಒಂದು ರಾತ್ರಿಯನ್ನೂ ಬಿಟ್ಟುಕೊಡುವುದಿಲ್ಲ.

ದುಡ್ಡಿನ ವಿಚಾರ. ನಾಳೆಯೇ ಆಧಾರ್, ರೇಷನ್ ಕಾರ್ಡ್ ಹಿಡಿದು ಆಸ್ಪತ್ರೆಯ ಸಮಾಜ ಕಾರ್ಯಕರ್ತರ ಕೊಠಡಿಗೆ ಹೋಗಿ. ಆಯುಷ್ಮಾನ್ ಭಾರತ್ ಕಾರ್ಡ್‌ಗೆ ಅರ್ಹರಾದ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ, ಯೋಜನೆಯಲ್ಲಿರುವ ಬೇರೆ ರಾಜ್ಯದ ಆಸ್ಪತ್ರೆಯಲ್ಲಿಯೂ ಸಿಗುತ್ತದೆ. ಟಾಟಾದಲ್ಲಿ ಮಕ್ಕಳ ಚಿಕಿತ್ಸೆಗೆ ನೆರವಾಗಲೆಂದೇ ಇಂಪ್ಯಾಕ್ಟ್ ಫೌಂಡೇಶನ್ ಇದೆ. ವಸತಿಗೆ ಸೇಂಟ್ ಜೂಡ್ ಇಂಡಿಯಾ ಚೈಲ್ಡ್‌ಕೇರ್ ಸೆಂಟರ್ಸ್ 2006ರಿಂದ ಇಲ್ಲಿದೆ; ಕಾಟನ್ ಗ್ರೀನ್‌ನಲ್ಲಿ, ಖಾರ್‌ಘರ್‌ನಲ್ಲಿ ಅವರ ಮನೆಗಳಿವೆ. ಬಾಡಿಗೆ ಇಲ್ಲ. ಒಂದು ಕುಟುಂಬಕ್ಕೆ ಒಂದು ಜಾಗ, ಅಡುಗೆಮನೆ ಎಲ್ಲರಿಗೂ ಸೇರಿ, ನಿಮ್ಮ ಅಡುಗೆಯನ್ನು ನೀವೇ ಮಾಡಿಕೊಳ್ಳಬಹುದು. ನೇರವಾಗಿ ಹೋಗಿ ಬಾಗಿಲು ತಟ್ಟಿದರೆ ಆಗದು, ಆಸ್ಪತ್ರೆಯಿಂದ ಶಿಫಾರಸು ಬೇಕು. ಅಲ್ಲಿ ಸಿಗದಿದ್ದರೆ ದಾದರಿನ ಗಾಡಗೇ ಮಹಾರಾಜ ಧರ್ಮಶಾಲೆ, ಪರೇಲಿನ ನಾನಾ ಪಾಲ್ಕರ್ ಸ್ಮೃತಿ ಸಮಿತಿ ಇವೆ. ಫುಟ್‌ಪಾತಿನಲ್ಲಿ ಪ್ಲಾಸ್ಟಿಕ್ ಕಟ್ಟಿಕೊಂಡು ಮಲಗಿದವರಲ್ಲಿ ಎಷ್ಟೋ ಮಂದಿಗೆ ಇದನ್ನು ಯಾರೂ ಹೇಳಿಯೇ ಇರುವುದಿಲ್ಲ. ಸಂಕೋಚ ಬೇಡ. ಇದು ಭಿಕ್ಷೆಯಲ್ಲ.

ಮತ್ತು ನೀವು, ಸೋದರಮಾವ, ಥಾಣೆಯಲ್ಲೇ ಇದ್ದೀರಿ. ಭಾವ ರಾಶಿ ಮಾಡಲು ಊರಿಗೆ ಹೋಗಲಿ. ಆ ಹದಿನೈದು ದಿನ ತಂಗಿಯ ಜೊತೆ ಆಸ್ಪತ್ರೆಯ ಸಾಲಿನಲ್ಲಿ ನೀವು ನಿಲ್ಲಿ.

ನನ್ನ ಮಗನ ಐದನೇ ಹುಟ್ಟುಹಬ್ಬವನ್ನು ಕ್ಯಾನ್ಸರ್ ಮಕ್ಕಳೊಂದಿಗೆ ಆಚರಿಸುವ ಆಸೆ. ಕೇಕ್, ಆಟಿಕೆ ತರುತ್ತೇವೆ. 30 ಜನ ಬರಬಹುದೇ? — ಮುಲುಂಡ್

ಬರಬೇಡಿ. ನಿಮ್ಮ ಮನಸ್ಸು ದೊಡ್ಡದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ 30 ಜನರಲ್ಲಿ ಒಬ್ಬರಿಗಾದರೂ ನೆಗಡಿ ಇರುತ್ತದೆ. ನಿಮ್ಮ ಮಕ್ಕಳಲ್ಲಿ ಯಾರಿಗೋ ಎರಡು ದಿನದಲ್ಲಿ ಸೀತಾಳೆ ಸಿಡುಬಿನ (ಚಿಕನ್‌ಪಾಕ್ಸ್) ಗುಳ್ಳೆ ಏಳಬಹುದು. ನಿಮಗೆ ವಾರದ ರಜೆ, ಇಲ್ಲಿನ ಮಗುವಿಗೆ ಐಸಿಯು. ಇನ್ನೊಂದು ಮಾತು: ಬೋಳು ತಲೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯುವುದನ್ನು ನಾನು ಒಪ್ಪುವುದಿಲ್ಲ. ಹನ್ನೊಂದು ವರ್ಷದ ಹುಡುಗಿಯೊಬ್ಬಳು ಕ್ಯಾಮೆರಾ ಕಂಡ ಕೂಡಲೇ ಅಮ್ಮನ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿದ್ದನ್ನು ನೋಡಿದ ಮೇಲೆ ನಮ್ಮಲ್ಲಿ ಅದನ್ನು ನಿಲ್ಲಿಸಿಬಿಟ್ಟೆ.

ಆ ಹಣದಲ್ಲಿ ಒಂದು ಕುಟುಂಬದ ತಿಂಗಳ ರೇಷನ್ ಕೊಡಿ, ಅಥವಾ ಒಂದು ವರ್ಷದ ಓಡಾಟದ ಖರ್ಚು ಹೊರಿ. ಕೈಯಲ್ಲಿ ಹಣವಿಲ್ಲದಿದ್ದರೆ ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣ, ಕೊಡಿ. 18 ದಾಟಿದ, 50 ಕಿಲೋ ಮೀರಿದ ಆರೋಗ್ಯವಂತರಿಗೆ ಒಂದೂವರೆ ಗಂಟೆಯ ಕೆಲಸ. ಮೂರು ದಿನ ಮೊದಲಿನಿಂದ ಆಸ್ಪಿರಿನ್ ತೆಗೆದುಕೊಂಡಿರಬಾರದು. ಪ್ಲೇಟ್‌ಲೆಟ್ ಐದು ದಿನಕ್ಕಿಂತ ಹೆಚ್ಚು ಉಳಿಯುವುದಿಲ್ಲ, ಕೂಡಿಡಲು ಬರುವುದಿಲ್ಲ. ಗಣಪತಿ ಹಬ್ಬಕ್ಕೆ, ಮೇ ರಜೆಗೆ ನೀವೆಲ್ಲ ಊರಿಗೆ ಹೊರಟಾಗಲೂ ಇಲ್ಲಿನ ಮಕ್ಕಳ ಮೂಗಿನಿಂದ ರಕ್ತ ಬರುತ್ತಲೇ ಇರುತ್ತದೆ. ರೈಲು ಹತ್ತುವ ಮೊದಲು ಬನ್ನಿ.

ಹಳೆಯ ಬಟ್ಟೆ ಕೊಡಬಹುದೇ?

ಬೇಡ.

ಒಂದೇ ತಟ್ಟೆಯಲ್ಲಿ ಉಂಡರೆ ತಮ್ಮನಿಗೂ ಕ್ಯಾನ್ಸರ್ ಅಂಟುತ್ತದೆಯೇ?

ಇಲ್ಲ. ಆ ತಮ್ಮನನ್ನು ಅಣ್ಣನಿಂದ ದೂರ ಮಲಗಿಸಿದ್ದರೆ ಇವತ್ತೇ ಪಕ್ಕದಲ್ಲಿ ಮಲಗಿಸಿ.

ಪಪ್ಪಾಯಿ ಎಲೆಯ ರಸ ಕೊಡಲೇ? ಸಕ್ಕರೆ ಬಿಡಿಸಲೇ?

ಎರಡೂ ಬೇಡ. ಹಸಿ ಎಲೆಯ ರಸದಿಂದ ಹೊಟ್ಟೆ ಕೆಟ್ಟರೆ ಸೋಂಕಿಗೆ ದಾರಿ. ಕೀಮೋ ತಡೆದುಕೊಳ್ಳಲು ಮಗುವಿನ ಮೈಯಲ್ಲಿ ತೂಕ ಇರಬೇಕು. ಪಥ್ಯದ ಹೆಸರಿನಲ್ಲಿ ಹಾಲು, ಮೊಟ್ಟೆ, ಬೆಲ್ಲ ಎಲ್ಲ ಬಿಡಿಸಿ ಮಗುವನ್ನು ಕಡ್ಡಿ ಮಾಡಿದವರ ಮೇಲೆ ನನಗೆ ಸಿಟ್ಟಿದೆ. ಆಸ್ಪತ್ರೆಯಲ್ಲಿ ಕಡಲ್ಸ್ ಫೌಂಡೇಶನ್ನಿನ ಆಹಾರ ತಜ್ಞರಿದ್ದರೆ ಅವರ ಮುಂದೆ ಕುಳಿತು ಕೇಳಿ. ಬಿಸಿ ಜೋಳದ ರೊಟ್ಟಿ, ಬೇಳೆ, ಚೆನ್ನಾಗಿ ಬೆಂದ ಪಲ್ಯ ಸಾಕು. ಕೋಸಂಬರಿ, ಬೀದಿಯ ಚಟ್ನಿ ಬೇಡ.

ಬೆಳಗಾವಿಯಿಂದ ಪ್ರತಿ ತಿಂಗಳು ಬರಬೇಕು. ರೈಲಿನಲ್ಲಿ ರಿಯಾಯಿತಿ ಇದೆಯೇ?

ಇದೆ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಮೂರನೇ ದರ್ಜೆ ಎಸಿಯಲ್ಲಿ ಪೂರ್ತಿ, ಜೊತೆಗಿರುವ ಒಬ್ಬರಿಗೆ ನೂರಕ್ಕೆ 75. ಆಸ್ಪತ್ರೆಯ ವೈದ್ಯರ ಸಹಿಯುಳ್ಳ ಪ್ರಮಾಣಪತ್ರವನ್ನು ರಿಸರ್ವೇಶನ್ ಕೌಂಟರಿನಲ್ಲಿ ಕೊಡಬೇಕು.

ನನ್ನ ಮಗಳ ಚಿಕಿತ್ಸೆ ಮುಗಿದು ನಾಲ್ಕು ವರ್ಷ. ಈಗ ಹತ್ತು ವರ್ಷ. ಮುಂದೆ ಮದುವೆಗೆ ತೊಂದರೆಯಾದೀತೆಂದು ಆಸ್ಪತ್ರೆಯ ಕಾಗದಗಳನ್ನು ಸುಟ್ಟುಬಿಡೋಣ ಎನ್ನುತ್ತಾರೆ ಅತ್ತೆ. — ಪುಣೆ

ಅತ್ತೆಯವರ ಕೈಗೆ ಸಿಗದಂತೆ ಇವತ್ತೇ ಎತ್ತಿಡಿ. ಹತ್ತು ವರ್ಷದ ಹುಡುಗಿಯ ಮದುವೆಯ ಚಿಂತೆ ಈಗ ಯಾರಿಗೂ ಬೇಡ. ಚಿಕ್ಕಂದಿನಲ್ಲಿ ಕ್ಯಾನ್ಸರ್ ಗೆದ್ದವರೇ ಸೇರಿಕೊಂಡ ‘ಉಗಮ್’ ಎಂಬ ಬಳಗವನ್ನು ಇಂಡಿಯನ್ ಕ್ಯಾನ್ಸರ್ ಸೊಸೈಟಿ ನಡೆಸುತ್ತಿದೆ. ಮಗಳು ದೊಡ್ಡವಳಾದ ಮೇಲೆ ಅವರನ್ನು ಭೇಟಿ ಮಾಡಿಸಿ, ಅವರಲ್ಲಿ ಮದುವೆಯಾದವರನ್ನು ನೀವೇ ಕೇಳಿ.

ಕಾಗದ ಯಾಕೆ ಬೇಕೆಂದರೆ, ಡಾಕ್ಸೊರುಬಿಸಿನ್‌ನಂಥ ಔಷಧಿ ಎಷ್ಟೋ ವರ್ಷಗಳ ಮೇಲೆ ಹೃದಯವನ್ನು ದುರ್ಬಲಗೊಳಿಸಬಹುದು. ಮುಂದೆ ಅವಳ ಹೆರಿಗೆಯ ಹೊತ್ತಿಗೋ ಶಸ್ತ್ರಚಿಕಿತ್ಸೆಯ ಹೊತ್ತಿಗೋ ವೈದ್ಯರು ಕೇಳುವ ಮೊದಲ ಪ್ರಶ್ನೆ, ಯಾವ ಔಷಧಿ ಎಷ್ಟು ಹೋಗಿದೆ ಎಂಬುದು. ಆಸ್ಪತ್ರೆಯಿಂದ ಚಿಕಿತ್ಸೆಯ ಸಾರಾಂಶ ಪತ್ರ ಕೇಳಿ ಪಡೆಯಿರಿ. ಮೂರು ನಕಲು ಮಾಡಿಸಿ. ಒಂದು ನಿಮ್ಮ ಬಳಿ, ಒಂದು ತವರಿನಲ್ಲಿ ಅಮ್ಮನ ಟ್ರಂಕಿನಲ್ಲಿ. ಮೂರನೆಯದು ಮಗಳದು, ಹದಿನೆಂಟು ತುಂಬಿದ ದಿನ ಅವಳ ಕೈಗೆ ಕೊಡಿ.