ಕಾರ್ ಆಡಿಯೊ: ಗೇನ್ ತಿರುಪು, ಅರ್ತ್ ತಂತಿ, ಸಾವಿರ ವ್ಯಾಟ್‌ನ ಡಬ್ಬ

ಈ ಸಲದ ಪ್ರಶ್ನೆಗಳಲ್ಲಿ ಬಹಳಷ್ಟು ‘ಇದಕ್ಕಿಂತ ದೊಡ್ಡ ಆಂಪ್ಲಿಫೈಯರ್ ಹಾಕಿಸಿದರೆ ಸರಿಹೋದೀತೇ?’ ಎಂಬಲ್ಲಿಗೆ ಬಂದು ನಿಲ್ಲುತ್ತವೆ. ಸರಿಹೋಗದು. ಇರುವ ಆಂಪ್‌ಗೆ ತಕ್ಕ ತಂತಿ ಎಳೆಯದೆ, ಗೇನ್ ಹೊಂದಿಸದೆ, ಬಾಗಿಲಿನ ತೂತು ಮುಚ್ಚದೆ ವ್ಯಾಟ್ ಏರಿಸಿದರೆ ಏರುವುದು ಗಲಾಟೆ ಮಾತ್ರ.

ಪ್ರಶ್ನೆ: ನಾಲ್ಕು ಚಾನೆಲ್‌ನ ಆಂಪ್ಲಿಫೈಯರ್ ಹಾಕಿಸಿದ್ದೇನೆ. ಚಾನೆಲ್ ಒಂದಕ್ಕೆ 4 ಓಮ್‌ನಲ್ಲಿ 75 ವ್ಯಾಟ್ ಆರ್‌ಎಂಎಸ್ (ಸತತವಾಗಿ ಕೊಡಬಲ್ಲ ಶಕ್ತಿ). ಅಳವಡಿಸಿದವರು ಗೇನ್ ಅನ್ನು ಕೊನೆಯವರೆಗೆ ತಿರುಗಿಸಿ ಕೊಟ್ಟಿದ್ದಾರೆ. ವಾಲ್ಯೂಮ್ ಅರ್ಧ ದಾಟಿದರೆ ಹಾಡು ಕರ್ಕಶವಾಗುತ್ತದೆ. ಹಾಡು ನಿಂತಾಗ ಸ್ಪೀಕರ್‌ಗಳಿಂದ ‘ಸುಯ್’ ಎಂಬ ಸದ್ದು ಬರುತ್ತದೆ. ಆಂಪ್ ಕೆಟ್ಟಿದೆಯೇ?

ಆಂಪ್ ಕೆಟ್ಟಿಲ್ಲ. ಆದರೆ ಹೀಗೇ ಬಿಟ್ಟರೆ ಎತ್ತರದ ಸ್ವರಗಳ ಸಣ್ಣ ಸ್ಪೀಕರ್‌ಗಳು, ಅಂದರೆ ಟ್ವೀಟರ್‌ಗಳು, ಕೆಡುತ್ತವೆ.

ಗೇನ್ ವಾಲ್ಯೂಮ್ ಅಲ್ಲ. ಎಲ್ಲ ಸ್ಟೀರಿಯೊಗಳೂ ಒಂದೇ ಮಟ್ಟದ ಸಿಗ್ನಲ್ ಕೊಡುವುದಿಲ್ಲ. ಕೆಲವು 2 ವೋಲ್ಟ್, ಕೆಲವು 4 ವೋಲ್ಟ್ ಕೊಡುತ್ತವೆ. ಎಷ್ಟು ವೋಲ್ಟ್ ಬಂದಾಗ ತನ್ನ ಪೂರ್ಣ ಶಕ್ತಿಯನ್ನು ಹೊರಹಾಕಬೇಕು ಎಂದು ಆಂಪ್‌ಗೆ ತಿಳಿಸುವುದಷ್ಟೇ ಗೇನ್‌ನ ಕೆಲಸ. ಕೊನೆಯವರೆಗೆ ತಿರುಗಿಸಿದರೆ ಬಹುತೇಕ ಆಂಪ್‌ಗಳು 0.2 ವೋಲ್ಟ್ ಆಸುಪಾಸಿನಲ್ಲೇ ಪೂರ್ಣ ಶಕ್ತಿ ಮುಟ್ಟಿಬಿಡುತ್ತವೆ. ಅಲ್ಲಿಂದಾಚೆ ವಾಲ್ಯೂಮ್ ಏರಿಸಿದರೆ ಆಂಪ್‌ನ ಬಳಿ ಕೊಡಲು ಏನೂ ಉಳಿದಿರುವುದಿಲ್ಲ. ಅಲೆಯ ನೆತ್ತಿ ಕತ್ತರಿಸಿ ಚಪ್ಪಟೆಯಾಗುತ್ತದೆ. ಇದೇ ಕ್ಲಿಪ್ಪಿಂಗ್. ನಿಮಗೆ ಕೇಳಿಸುವ ಕರ್ಕಶ ಸದ್ದು ಅದೇ. ಚಪ್ಪಟೆಯಾದ ಅಲೆಯಲ್ಲಿ ಸರಾಸರಿ ಶಕ್ತಿ ಹೆಚ್ಚು, ಮೂಲದಲ್ಲಿ ಇಲ್ಲದ ಮೇಲ್ಸ್ತರದ ಆವರ್ತನಗಳೂ ಹೆಚ್ಚು. ಅವು ನೇರವಾಗಿ ಟ್ವೀಟರ್‌ಗೆ ಹೋಗುತ್ತವೆ, ಕೂದಲಿನಷ್ಟು ತೆಳ್ಳಗಿನ ಅದರ ಸುರುಳಿ ಮೊದಲು ಸುಡುತ್ತದೆ. ‘ಸುಯ್’ ಸದ್ದಿಗೂ ಇದೇ ಕಾರಣ: ಹಾಡಿನ ಜೊತೆಗೆ ಸ್ಟೀರಿಯೊದ ಸಣ್ಣಪುಟ್ಟ ಗದ್ದಲವನ್ನೂ ಗೇನ್ ಎತ್ತಿ ಕೊಡುತ್ತದೆ.

ಕಿವಿಯನ್ನು ನಂಬಿ ಇದನ್ನು ಹೊಂದಿಸಬಹುದು ಎನ್ನುವವರಿದ್ದಾರೆ. ನಾನು ಮಲ್ಟಿಮೀಟರ್ ನಂಬುತ್ತೇನೆ. ಲೆಕ್ಕ ಸುಲಭ. ವ್ಯಾಟ್ ಅನ್ನು ಓಮ್‌ನಿಂದ ಗುಣಿಸಿ, ಬಂದದ್ದಕ್ಕೆ ವರ್ಗಮೂಲ ತೆಗೆಯಿರಿ. ನಿಮ್ಮದು 75 ಗುಣಿಸು 4, ಅಂದರೆ 300, ವರ್ಗಮೂಲ 17.3. ಆಂಪ್‌ನ ಸ್ಪೀಕರ್ ತುದಿಗಳಲ್ಲಿ 17.3 ವೋಲ್ಟ್ ದಾಟಬಾರದು. ಸ್ಪೀಕರ್ ತಡೆದುಕೊಳ್ಳುವುದು 50 ವ್ಯಾಟ್ ಆರ್‌ಎಂಎಸ್ ಮಾತ್ರ ಎಂದಾದರೆ ಆ 50ನ್ನೇ ಲೆಕ್ಕಕ್ಕೆ ಹಿಡಿಯಿರಿ, ಆಗ 14.1 ವೋಲ್ಟ್.

ಕಾರನ್ನು ಬಯಲಲ್ಲಿ ನಿಲ್ಲಿಸಿ ಎಂಜಿನ್ ಚಾಲೂ ಇಡಿ. ಸ್ಪೀಕರ್ ತಂತಿಗಳನ್ನು ಆಂಪ್‌ನಿಂದ ಬಿಚ್ಚಿ. ಸ್ಟೀರಿಯೊದಲ್ಲಿ ಬಾಸ್, ಟ್ರೆಬಲ್, ಈಕ್ವಲೈಸರ್ ಎಲ್ಲವೂ ಸೊನ್ನೆಯಲ್ಲಿರಲಿ, ಲೌಡ್‌ನೆಸ್ ಆರಿರಲಿ; ಆಂಪ್‌ನ ಬಾಸ್ ಬೂಸ್ಟ್ ಮತ್ತು ಫಿಲ್ಟರ್‌ಗಳನ್ನೂ ಆರಿಸಿ. ಗೇನ್ ತೀರಾ ಕೆಳಗಿರಲಿ. 0 ಡೆಸಿಬೆಲ್ ಮಟ್ಟದ 1000 ಹರ್ಟ್ಜ್ ಪರೀಕ್ಷಾ ಸ್ವರವನ್ನು ಹಾಕಿ, ವಾಲ್ಯೂಮ್ ಅನ್ನು ಗರಿಷ್ಠದ ಮುಕ್ಕಾಲು ಪಾಲಿಗೆ ತನ್ನಿ. ಅದಕ್ಕಿಂತ ಮೇಲೆ ಅನೇಕ ಸ್ಟೀರಿಯೊಗಳು ತಾವೇ ಕ್ಲಿಪ್ ಆಗುತ್ತವೆ. ಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು ಒಂದು ಚಾನೆಲ್‌ನ ಎರಡು ತುದಿಗಳಿಗೆ ಮುಟ್ಟಿಸಿ, 17.3 ಬರುವವರೆಗೆ ಗೇನ್ ಅನ್ನು ನಿಧಾನವಾಗಿ ತಿರುಗಿಸಿ. ಉಳಿದ ಚಾನೆಲ್‌ಗಳಿಗೂ ಹೀಗೆಯೇ. ಒಂದು ಎಚ್ಚರಿಕೆ: ಕೆಲವು ಅಗ್ಗದ ಮೀಟರ್‌ಗಳ ಎಸಿ ಅಳತೆ 400 ಹರ್ಟ್ಜ್‌ವರೆಗೆ ಮಾತ್ರ ನಂಬಿಕೆಗೆ ಅರ್ಹ. ನಿಮ್ಮ ಮೀಟರ್‌ನ ಕೈಪಿಡಿಯಲ್ಲಿ ಹಾಗಿದ್ದರೆ 300 ಹರ್ಟ್ಜ್ ಸ್ವರ ಬಳಸಿ. ಬಾಸ್‌ಗೆಂದೇ ಇರುವ ದೊಡ್ಡ ಸ್ಪೀಕರ್‌ನ, ಅಂದರೆ ಸಬ್‌ವೂಫರ್‌ನ ಆಂಪ್‌ಗಾದರೆ 40 ಅಥವಾ 50 ಹರ್ಟ್ಜ್.

ಇದಾದ ಮೇಲೆ ಸದ್ದು ಮೊದಲಿಗಿಂತ ಕಡಿಮೆ ಎನಿಸುವುದು ಸಹಜ. ಕಡಿಮೆ ಮಟ್ಟದಲ್ಲಿ ಧ್ವನಿಮುದ್ರಿಸಿದ ಹಳೆಯ ಹಾಡುಗಳನ್ನೇ ಹೆಚ್ಚಾಗಿ ಕೇಳುವವರಾದರೆ ಮೈನಸ್ 5 ಡೆಸಿಬೆಲ್‌ನ ಸ್ವರದಿಂದ ಹೊಂದಿಸಿಕೊಳ್ಳಬಹುದು. ಅದಕ್ಕಿಂತ ಆಚೆ ಹೋಗಬೇಡಿ. ಆಮೇಲೆ ಬಾಸ್ ಬೂಸ್ಟ್ ತಿರುಗಿಸಿದಿರೋ, ಇಷ್ಟು ಹೊತ್ತು ಮಾಡಿದ್ದೆಲ್ಲ ನೀರಲ್ಲಿ ಹೋಮ.

ಪ್ರಶ್ನೆ: ಆಂಪ್ ಡಬ್ಬದ ಮೇಲೆ ‘1000 ವ್ಯಾಟ್’ ಎಂದಿದೆ. ನಂಬಬಹುದೇ?

ಡಬ್ಬವನ್ನು ಬಿಡಿ, ಆಂಪ್‌ನ ಪಕ್ಕದಲ್ಲಿರುವ ಫ್ಯೂಸ್ ನೋಡಿ. 30 ಆಂಪಿಯರ್‌ನ ಒಂದೇ ಫ್ಯೂಸ್ ಇದೆ ಎನ್ನೋಣ. ಎಂಜಿನ್ ಓಡುವಾಗ ಸಿಗುವುದು ಸುಮಾರು 13.8 ವೋಲ್ಟ್. ಗುಣಿಸಿದರೆ ಒಳಗೆ ಹೋಗುವುದೇ 414 ವ್ಯಾಟ್. ಕಡಿಮೆ ಬಿಸಿಯಾಗುವ ಕ್ಲಾಸ್ ಡಿ ಬಗೆಯ ಆಂಪ್ ಅದರಲ್ಲಿ ಶೇ 80ರಷ್ಟನ್ನು ಸ್ಪೀಕರ್‌ಗೆ ತಲುಪಿಸಿದರೆ 330 ವ್ಯಾಟ್. ಕ್ಲಾಸ್ ಎಬಿ ಆದರೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಉಳಿದದ್ದು ಬಿಸಿ. ಫ್ಯೂಸ್ ಕ್ಷಣಮಾತ್ರ ಹೆಚ್ಚಿನ ಕರೆಂಟ್ ತಡೆದುಕೊಳ್ಳುತ್ತದೆ, ಹಾಗಾಗಿ ಇದು ಅಂದಾಜಿನ ಲೆಕ್ಕ. ಆದರೂ ಸಾವಿರ ಎಲ್ಲಿಂದ ಬಂತು ಎಂದು ಕೇಳುವಷ್ಟು ಧೈರ್ಯ ಕೊಡುತ್ತದೆ. ಆಂಪ್‌ನ ಶಕ್ತಿ ಅಳೆಯುವ ಮಾನದಂಡವಾದ ಸಿಟಿಎ-2006ರ ಗುರುತು ಇದ್ದರೆ ಆ ಅಂಕಿಗಳನ್ನು ನಂಬಬಹುದು, 14.4 ವೋಲ್ಟ್‌ನಲ್ಲಿ, 4 ಓಮ್‌ಗೆ, ಶೇ 1ಕ್ಕಿಂತ ಕಡಿಮೆ ವಿರೂಪದಲ್ಲಿ ಅಳೆದ ಶಕ್ತಿ ಅದು.

ಇನ್ನೊಂದು ಮಾತು. ಶಕ್ತಿ ಇಮ್ಮಡಿಯಾದರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಇಮ್ಮಡಿ ಜೋರು ಎನಿಸಲು ಸುಮಾರು 10 ಡೆಸಿಬೆಲ್ ಬೇಕು, ಅಂದರೆ ಹತ್ತು ಪಟ್ಟು ವ್ಯಾಟ್. 87 ಡೆಸಿಬೆಲ್ ಸಂವೇದನೆಯ (ಕೊಟ್ಟಷ್ಟೇ ಶಕ್ತಿಗೆ ಎಷ್ಟು ಜೋರು ಎಂಬುದರ ಅಳತೆ) ಸ್ಪೀಕರ್ ಬದಲು 90ರದ್ದನ್ನು ಆರಿಸಿಕೊಂಡರೆ ಆಂಪ್ ಮುಟ್ಟದೆಯೇ ಶಕ್ತಿ ಇಮ್ಮಡಿ ಮಾಡಿದಂತೆ.

ಪ್ರಶ್ನೆ: ಎಂಜಿನ್ ಚಾಲೂ ಮಾಡಿದೊಡನೆ ಸ್ಪೀಕರ್‌ಗಳಲ್ಲಿ ‘ಗುಂಯ್’ ಎನ್ನುತ್ತದೆ. ಆಕ್ಸಿಲರೇಟರ್ ಒತ್ತಿದಷ್ಟೂ ಸದ್ದಿನ ಸ್ಥಾಯಿ ಏರುತ್ತದೆ. ಫಿಲ್ಟರ್ ಹಾಕಿಸಿದರೆ ಹೋಗುತ್ತದೆ ಎನ್ನುತ್ತಾರೆ.

ಅದು ಎಂಜಿನ್ ಓಡುವಾಗ ಬ್ಯಾಟರಿ ತುಂಬುವ ಆಲ್ಟರ್ನೇಟರ್‌ನ ಸದ್ದು. ಫಿಲ್ಟರ್ ಕೊನೆಯ ಉಪಾಯ. ಫಿಲ್ಟರ್ ಎಂದು ಹಾಕುವ ಅಗ್ಗದ ಐಸೊಲೇಟರ್‌ಗಳು ಗದ್ದಲದ ಜೊತೆ ಕೆಳಗಿನ ಬಾಸನ್ನೂ ತಿನ್ನುತ್ತವೆ. ಮೊದಲು ಸದ್ದು ಯಾವ ದಾರಿಯಲ್ಲಿ ಒಳಗೆ ಬರುತ್ತಿದೆ ಎಂದು ಹಿಡಿಯಬೇಕು.

ವ್ಯವಸ್ಥೆಯನ್ನು ಆರಿಸಿ ಸ್ಟೀರಿಯೊದಿಂದ ಸಿಗ್ನಲ್ ತರುವ ಆರ್‌ಸಿಎ ಕೇಬಲ್‌ಗಳನ್ನು ಆಂಪ್‌ನಿಂದ ಕಿತ್ತು ಮತ್ತೆ ಚಾಲೂ ಮಾಡಿ. ಸದ್ದು ಹಾಗೆಯೇ ಇದ್ದರೆ ತೊಂದರೆ ಆಂಪ್‌ನ ವಿದ್ಯುತ್ ತಂತಿಯಲ್ಲಿ ಅಥವಾ ಕಾರಿನ ಲೋಹದ ಮೈಗೆ ಬಿಗಿಯುವ ಅರ್ತ್ (ನೆಗೆಟಿವ್) ತಂತಿಯಲ್ಲಿದೆ. ಅರ್ತ್ ಕೊಟ್ಟ ಜಾಗವನ್ನು ಬಿಚ್ಚಿ ನೋಡಿ. ನೂರಕ್ಕೆ ತೊಂಬತ್ತು ಸಲ ಎನ್ನುವ ಹಾಗೆ ಅಲ್ಲಿ ಬಣ್ಣದ ಮೇಲೆಯೇ ಬೋಲ್ಟ್ ಬಿಗಿದಿರುತ್ತಾರೆ. ಬಣ್ಣವನ್ನೂ ಅದರ ಕೆಳಗಿನ ಪ್ರೈಮರನ್ನೂ ಕೆರೆದು, ಹೊಳೆಯುವ ತಗಡು ಕಾಣಿಸಿದ ಮೇಲೆ ಹಲ್ಲಿನ ವಾಷರ್ ಹಾಕಿ ಬಿಗಿದು, ತುಕ್ಕು ಹಿಡಿಯದಂತೆ ಮೇಲಿಂದ ಬಣ್ಣ ಬಳಿಯಬೇಕು. ತಂತಿ 45 ಸೆಂಟಿಮೀಟರ್ ಒಳಗಿರಲಿ, ದಪ್ಪ ವಿದ್ಯುತ್ ತಂತಿಯಷ್ಟೇ ಇರಲಿ. ಸೀಟ್ ಬೆಲ್ಟ್‌ನ ಬೋಲ್ಟ್ ಕೈಗೆ ಹತ್ತಿರ ಸಿಗುತ್ತದೆಂದು ಅದಕ್ಕೆ ಅರ್ತ್ ಕೊಡಬಾರದು. ಅದು ಜೀವ ಉಳಿಸುವ ಬೋಲ್ಟ್, ಅದರ ಬಿಗಿತದೊಂದಿಗೆ ಆಟ ಬೇಡ.

ಅರ್ತ್ ಸರಿಯಿದೆಯೇ ಎಂದು ತಿಳಿಯಲು ಓಮ್ ಅಳೆದು ಪ್ರಯೋಜನವಿಲ್ಲ. ಬಾಸ್ ಜೋರಾಗಿ ಬಾರಿಸುತ್ತಿರುವಾಗ ಆಂಪ್‌ನ ಅರ್ತ್ ತುದಿಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವಿನ ಡಿಸಿ ವೋಲ್ಟ್ ಅಳೆಯಿರಿ. 0.1 ವೋಲ್ಟ್ ಆಸುಪಾಸಿನಲ್ಲಿದ್ದರೆ ಚಿಂತೆಯಿಲ್ಲ. ಅರ್ಧ ವೋಲ್ಟ್ ತೋರಿಸಿದರೆ ಎಲ್ಲೋ ಸಂಪರ್ಕ ಕೆಟ್ಟಿದೆ.

ಆರ್‌ಸಿಎ ಕಿತ್ತೊಡನೆ ಸದ್ದು ನಿಂತರೆ ಅದು ಸಿಗ್ನಲ್ ದಾರಿಯಲ್ಲಿ ಬರುತ್ತಿದೆ. ವಿದ್ಯುತ್ ತಂತಿ ಕಾರಿನ ಒಂದು ಬದಿಯಲ್ಲೂ ಆರ್‌ಸಿಎ ಇನ್ನೊಂದು ಬದಿಯಲ್ಲೂ ಹೋಗಿದೆಯೇ ನೋಡಿ. ಅದೂ ಸರಿಯಿದ್ದರೆ ಒಂದು ಗುಟ್ಟಿನ ಪರೀಕ್ಷೆ ಇದೆ: ಸ್ಟೀರಿಯೊದ ಹಿಂದಿನ ಆರ್‌ಸಿಎಯ ಹೊರ ಕವಚಕ್ಕೂ ಸ್ಟೀರಿಯೊದ ಲೋಹದ ಮೈಗೂ ಒಂದು ತುಂಡು ತಂತಿ ತಾಗಿಸಿ. ‘ಗುಂಯ್’ ಥಟ್ಟನೆ ನಿಂತರೆ ಸ್ಟೀರಿಯೊದೊಳಗೆ ಆರ್‌ಸಿಎಯ ಅರ್ತ್ ಸಂಪರ್ಕ ಸುಟ್ಟಿದೆ ಎಂದು ಅರ್ಥ. ವಿದ್ಯುತ್ ಇರುವಾಗಲೇ ಆರ್‌ಸಿಎ ಚುಚ್ಚಿ ಕೀಳುವುದರಿಂದ ಹೀಗಾಗುತ್ತದೆ. ‘ಆರಿಸಿ’ ಎಂದು ಮೊದಲೇ ಹೇಳಿದ್ದು ಅದಕ್ಕೇ.

ಪ್ರಶ್ನೆ: ಮುಂದಿನ ಬಾಗಿಲುಗಳಿಗೆ ಒಳ್ಳೆಯ ಸ್ಪೀಕರ್ ಹಾಕಿಸಿದೆ. ಹಾಡು ಸ್ಪಷ್ಟವಾಗಿದೆ, ಆದರೆ ಬಾಸ್ ಕಂಪನಿಯ ಸ್ಪೀಕರ್‌ಗಿಂತ ಕಡಿಮೆ. ಹೇಗೆ ಸಾಧ್ಯ?

ಎರಡು ಕಾರಣಗಳಿರಬಹುದು. ಒಂದು ಐದು ನಿಮಿಷದ ಕೆಲಸ, ಇನ್ನೊಂದಕ್ಕೆ ಅರ್ಧ ದಿನ ಬೇಕು.

ಮೊದಲನೆಯದು, ಒಂದು ಸ್ಪೀಕರ್‌ನ ಪ್ಲಸ್ ಮೈನಸ್ ಅದಲುಬದಲಾಗಿರುವುದು. ಆಗ ಒಂದು ಹೊರಗೆ ತಳ್ಳುವಾಗ ಇನ್ನೊಂದು ಒಳಗೆ ಎಳೆಯುತ್ತದೆ, ಬಾಸ್ ನಡುವೆಯೇ ಮಾಯವಾಗುತ್ತದೆ. ಸ್ಟೀರಿಯೊದ ಬ್ಯಾಲೆನ್ಸ್ ಅನ್ನು ಪೂರ್ತಿ ಒಂದು ಬದಿಗೆ ತಿರುಗಿಸಿದಾಗ ಬಾಸ್ ಹೆಚ್ಚಾದರೆ ಅನುಮಾನವೇ ಬೇಡ. ಆಂಪ್ ತುದಿಯಲ್ಲಿ ಸ್ಪೀಕರ್ ತಂತಿಗಳನ್ನು ಬಿಚ್ಚಿ, 1.5 ವೋಲ್ಟ್‌ನ ಸಣ್ಣ ಸೆಲ್ ಅನ್ನು ಕ್ಷಣ ತಾಗಿಸಿ. ಸೆಲ್‌ನ ಪ್ಲಸ್ ಸ್ಪೀಕರ್‌ನ ಪ್ಲಸ್‌ಗೆ ತಾಗಿದರೆ ಕೋನ್ ಹೊರಕ್ಕೆ ಚಿಮ್ಮಬೇಕು.

ಎರಡನೆಯದು ಬಾಗಿಲು. ಟ್ರಿಮ್ ಬಿಚ್ಚಿದರೆ ಒಳತಗಡಿನಲ್ಲಿ ಅಂಗೈಗಿಂತ ದೊಡ್ಡ ತೂತುಗಳು, ಅವುಗಳ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ. ಕೋನ್‌ನ ಹಿಂಬದಿಯ ಅಲೆ ಆ ತೂತುಗಳಿಂದ ಹೊರಬಂದು ಮುಂಬದಿಯ ಅಲೆಯನ್ನು ನುಂಗಿಹಾಕುತ್ತದೆ. ಚರ್ಮ ಹರಿದ ಮದ್ದಳೆಗೆ ಎಷ್ಟು ಬಡಿದರೆ ಏನು ಬಂತು? ದೊಡ್ಡ ತೂತುಗಳಿಗೆ ಗಟ್ಟಿ ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂ ತಗಡು ಕೂರಿಸಿ, ಮೇಲೆ ತಗಡಿನ ನಡುಕ ತಗ್ಗಿಸುವ ಬ್ಯೂಟೈಲ್ ರಬ್ಬರಿನ ಡ್ಯಾಂಪಿಂಗ್ ಹಾಳೆ ಅಂಟಿಸಿ ರೋಲರ್‌ನಿಂದ ಒತ್ತಿ. ಹೊರತಗಡಿಗೂ ನಡುನಡುವೆ ತುಂಡುಗಳು ಸಾಕು, ಪೂರ್ತಿ ಹೊದಿಸಬೇಕಿಲ್ಲ. ಸ್ಪೀಕರ್ ಉಂಗುರಕ್ಕೂ ತಗಡಿಗೂ ನಡುವೆ ಫೋಮ್ ಪಟ್ಟಿ ಇರಲಿ. ಬಾಗಿಲಿನ ತಳದಲ್ಲಿ ಮಳೆನೀರು ಹೊರಹೋಗುವ ಸಣ್ಣ ರಂಧ್ರಗಳನ್ನು ಮಾತ್ರ ಮುಚ್ಚಬೇಡಿ, ಬಾಗಿಲು ಒಳಗಿಂದ ಕೊಳೆಯುತ್ತದೆ. ಕಿಟಕಿ ಗಾಜು ಇಳಿಯುವ ದಾರಿಯೂ ಖಾಲಿ ಇರಲಿ.

ನಿಮ್ಮಲ್ಲಿ ಸಬ್‌ವೂಫರ್ ಇದ್ದರೆ ಬಾಗಿಲಿನ ಸ್ಪೀಕರ್‌ಗೆ 80 ಹರ್ಟ್ಜ್‌ನಲ್ಲಿ ಹೈಪಾಸ್ (ಅದಕ್ಕಿಂತ ಮೇಲಿನ ಸ್ವರಗಳನ್ನಷ್ಟೇ ಬಿಡುವ ಫಿಲ್ಟರ್), ಸಬ್‌ಗೆ ಅಲ್ಲೇ ಲೋಪಾಸ್ (ಕೆಳಗಿನವನ್ನಷ್ಟೇ ಬಿಡುವುದು) ಇಟ್ಟು ಕೇಳಿ. ಆಮೇಲೆ ಸಬ್‌ನ ತಳ್ಳು-ಎಳೆತವನ್ನು ತಿರುಗುಮುರುಗು ಮಾಡುವ ಫೇಸ್ ಸ್ವಿಚ್ ಅನ್ನು ಬದಲಿಸಿ, ಚಾಲಕನ ಸೀಟಿನಲ್ಲಿ ಕುಳಿತಾಗ ಯಾವುದರಲ್ಲಿ ಬಾಸ್ ತುಂಬಿ ಬರುತ್ತದೋ ಅದನ್ನೇ ಉಳಿಸಿಕೊಳ್ಳಿ. ಇಲ್ಲಿ ಮೀಟರ್ ಬೇಕಿಲ್ಲ, ಕಿವಿ ಸಾಕು.

ಪ್ರಶ್ನೆ: ಸಬ್‌ವೂಫರ್‌ನಲ್ಲಿ 4 ಓಮ್‌ನ ಎರಡು ವಾಯ್ಸ್ ಕಾಯಿಲ್‌ಗಳಿವೆ (ಕೋನ್ ಅಲುಗಿಸುವ ಸುರುಳಿಗಳು). ಒಂದೇ ಚಾನೆಲ್‌ನ ಮೊನೊ ಆಂಪ್ 2 ಓಮ್‌ವರೆಗೆ ತಡೆಯುತ್ತದೆ. ಹೇಗೆ ಜೋಡಿಸಲಿ? ಮುಂದೆ ಇಂಥದ್ದೇ ಇನ್ನೊಂದು ಸಬ್ ಸೇರಿಸಬಹುದೇ?

ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸೇರಿಸಿದರೆ 2 ಓಮ್. ನಿಮ್ಮ ಆಂಪ್‌ಗೆ ಹೇಳಿ ಮಾಡಿಸಿದ ಜೋಡಣೆ. ಇನ್ನೊಂದು ಸಬ್ ತಂದು ಎಲ್ಲವನ್ನೂ ಹೀಗೆಯೇ ಸೇರಿಸಿದರೆ 1 ಓಮ್‌ಗೆ ಇಳಿಯುತ್ತದೆ, ಆಂಪ್ ಪ್ರೊಟೆಕ್ಟ್ ದೀಪ ಹಚ್ಚಿ ಸುಮ್ಮನಾಗುತ್ತದೆ, ಪುಣ್ಯವಿಲ್ಲದಿದ್ದರೆ ಸುಡುತ್ತದೆ. ಪ್ರತಿ ಸಬ್‌ನ ಎರಡು ಕಾಯಿಲ್‌ಗಳನ್ನು ಸರಣಿಯಲ್ಲಿ ಜೋಡಿಸಿ 8 ಓಮ್ ಮಾಡಿಕೊಂಡು, ಆ ಎರಡು ಸಬ್‌ಗಳನ್ನು ಸಮಾಂತರವಾಗಿ ಸೇರಿಸಿದರೆ 4 ಓಮ್. ಅದು ಸುರಕ್ಷಿತ, ಆದರೆ ಆಂಪ್‌ನಿಂದ ಸಿಗುವ ಶಕ್ತಿ ಕಡಿಮೆ. ಮೀಟರ್ ಇಟ್ಟಾಗ 4 ಓಮ್ ಕಾಯಿಲ್ 3.5 ಎಂದು ತೋರಿಸಿದರೆ ಗಾಬರಿ ಬೇಡ, ಡಿಸಿ ರೋಧ ಯಾವಾಗಲೂ ಸ್ವಲ್ಪ ಕಡಿಮೆಯೇ.

ಪ್ರಶ್ನೆ: ಬಾಸ್ ಹೊಡೆದಾಗಲೆಲ್ಲ ಹೆಡ್‌ಲೈಟ್ ಮಂಕಾಗುತ್ತದೆ. ಆಂಪ್ 500 ವ್ಯಾಟ್‌ನದು. 1 ಫ್ಯಾರಡ್ ಕೆಪಾಸಿಟರ್ ಹಾಕಿಸಲೇ?

ಲೆಕ್ಕ ಹಾಕಿ ನೋಡೋಣ. 14 ವೋಲ್ಟ್‌ನಿಂದ 12ಕ್ಕೆ ಇಳಿಯುವಷ್ಟರಲ್ಲಿ 1 ಫ್ಯಾರಡ್ ಕೆಪಾಸಿಟರ್ ಬಿಟ್ಟುಕೊಡುವುದು 26 ಜೂಲ್. 500 ವ್ಯಾಟ್ ಹೊರಹಾಕುವಾಗ ನಿಮ್ಮ ಆಂಪ್ ಒಳಗೆಳೆಯುವುದು 625 ವ್ಯಾಟ್ ಎಂದಿಟ್ಟುಕೊಂಡರೆ ಆ 26 ಜೂಲ್ ಒಂದು ಸೆಕೆಂಡಿನ ಇಪ್ಪತ್ನಾಲ್ಕರಲ್ಲಿ ಒಂದು ಪಾಲು ಹೊತ್ತಿಗೆ ಸಾಕಾಗುತ್ತದೆ. ಡಿಕ್ಕಿಯಲ್ಲಿ ನೀಲಿ ದೀಪ ಮಿನುಗುತ್ತದೆ ಎಂಬುದು ಬಿಟ್ಟರೆ ಹೆಚ್ಚಿನ ಲಾಭವಿಲ್ಲ.

ಆ ಹಣವನ್ನು ತಂತಿಗೆ ಹಾಕಿ. 45 ಆಂಪಿಯರ್ ಎಳೆಯುವ ಆಂಪ್‌ಗೆ ಬ್ಯಾಟರಿಯಿಂದ ಡಿಕ್ಕಿಯವರೆಗೆ 4 ಗೇಜ್‌ನ ಶುದ್ಧ ತಾಮ್ರದ ತಂತಿ ಬೇಕು. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿ ನೋಡಲು ಅಷ್ಟೇ ದಪ್ಪ, ಕೆಲಸದಲ್ಲಿ ಅಲ್ಲ. ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಜೊತೆಗೆ ಬಾನೆಟ್ ಒಳಗಿನ ಮೂರು ತಂತಿಗಳನ್ನು ದಪ್ಪ ಮಾಡಿಸಿ: ಆಲ್ಟರ್ನೇಟರ್‌ನಿಂದ ಬ್ಯಾಟರಿ ಪ್ಲಸ್‌ಗೆ, ಬ್ಯಾಟರಿ ಮೈನಸ್‌ನಿಂದ ಕಾರಿನ ಮೈಗೆ, ಎಂಜಿನ್‌ನಿಂದ ಕಾರಿನ ಮೈಗೆ. ಇಷ್ಟರ ಮೇಲೂ ದೀಪ ಮಂಕಾದರೆ ಬ್ಯಾಟರಿಯನ್ನೂ ಆಲ್ಟರ್ನೇಟರನ್ನೂ ಪರೀಕ್ಷಿಸಿ. ಮುಖ್ಯ ಫ್ಯೂಸ್ ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೇ ಇರಬೇಕು. ಅದು ಕಾಯುವುದು ಆಂಪನ್ನಲ್ಲ, ತಂತಿಯನ್ನು. ಫ್ಯೂಸ್ ಇಲ್ಲದ ತಂತಿ ಉಜ್ಜಿ ಹೋಗಿ ತಗಡಿಗೆ ತಾಗಿದರೆ ಕಾರು ಹೊತ್ತಿಕೊಳ್ಳುತ್ತದೆ.

ಪ್ರಶ್ನೆ: ವಿದ್ಯುತ್ ಕಾರಿಗೂ ಆಂಪ್ ಹಾಕಿಸಬಹುದೇ?

ಹಾಕಿಸಬಹುದು, ಸಣ್ಣದನ್ನು. ಇಲ್ಲಿ ಆಲ್ಟರ್ನೇಟರ್ ಇಲ್ಲ. ದೊಡ್ಡ ಬ್ಯಾಟರಿಯಿಂದ ಡಿಸಿ-ಡಿಸಿ ಕನ್ವರ್ಟರ್ ಮೂಲಕ 12 ವೋಲ್ಟ್ ಸಿಗುತ್ತದೆ. ಅದರ ಸಾಮರ್ಥ್ಯಕ್ಕೆ ಮಿತಿಯಿದೆ, ಬ್ರೇಕ್, ಸ್ಟೀರಿಂಗ್ ವ್ಯವಸ್ಥೆಗಳೂ ಅದನ್ನೇ ನೆಚ್ಚಿಕೊಂಡಿವೆ. ಕ್ಲಾಸ್ ಡಿ ಆಂಪ್ ಆರಿಸಿ. ಕಂಪನಿಯ ಸ್ಟೀರಿಯೊ ಉಳಿಸಿಕೊಳ್ಳುವುದಾದರೆ ಆರ್‌ಸಿಎ ಬದಲು ಸ್ಪೀಕರ್ ತಂತಿಯಿಂದಲೇ ಸಿಗ್ನಲ್ ಪಡೆಯುವ, ಅಂದರೆ ಸ್ಪೀಕರ್ ಮಟ್ಟದ ಇನ್‌ಪುಟ್ ಇರುವುದನ್ನೇ ಕೊಳ್ಳಿ. ಕಿತ್ತಳೆ ಬಣ್ಣದ ಕೇಬಲ್‌ಗಳ ತಂಟೆಗೆ ಹೋಗಬೇಡಿ, ಅವುಗಳಲ್ಲಿ ಹರಿಯುವುದು ನೂರಾರು ವೋಲ್ಟ್. ಆಂಪ್ ಕೂರಿಸಲು ನೆಲದ ತಗಡಿಗೆ ಡ್ರಿಲ್ ಹಾಕುವುದಂತೂ ಬೇಡವೇ ಬೇಡ, ಬಹುತೇಕ ಇಂಥ ಕಾರುಗಳಲ್ಲಿ ದೊಡ್ಡ ಬ್ಯಾಟರಿ ಇರುವುದು ಅದರ ಕೆಳಗೇ. ಸೀಟಿನ ಚೌಕಟ್ಟಿಗೋ ಡಿಕ್ಕಿಯ ಪಕ್ಕದ ಗೋಡೆಗೋ ಮರದ ಹಲಗೆ ಕಟ್ಟಿ ಅದರ ಮೇಲೆ ಕೂರಿಸಿ.