ಹಳೇ ಇಂಟರ್‌ಲಾಕ್ ಕಿತ್ತು ಹಾಕೋಕೆ ಅವಸರ ಬೇಡ

ಬೀದರ್‌ನವರೇ, ಎಲೆಕ್ಟ್ರಾನ್‌ನಂಥ ಕಣಗಳನ್ನು ಭಾರೀ ವೇಗದಲ್ಲಿ ಓಡಿಸುವ ಆಕ್ಸಿಲರೇಟರ್ ಮೆಷಿನ್‌ಗಳಲ್ಲಿ 20 ವರ್ಷ ಹಳೇ ಸೇಫ್ಟಿ ಕಂಟ್ರೋಲ್ ಇದ್ದರೆ ಒಂದೇ ಸಲ ಕಿತ್ತು ಹೊಸದು ಹಾಕಬಾರದಾ ಅಂತ ನಿಮ್ಮ ಪ್ರಾಜೆಕ್ಟ್‌ಗೆ ಕೇಳಿದ್ದೀರಿ. ನಾನು ಕಲಬುರಗಿ ಕಡೆಯ ಸಿಮೆಂಟ್ ಫ್ಯಾಕ್ಟರಿಯಲ್ಲಿ ಪ್ಯಾನೆಲ್ ರಿಪೇರಿ ಮಾಡುವವನು, ಆಕ್ಸಿಲರೇಟರ್ ಮುಟ್ಟಿದವನಲ್ಲ. ಆದರೆ ಇಂಟರ್‌ಲಾಕ್, ಅಂದರೆ ಅಪಾಯ ಕಂಡರೆ ಮೆಷಿನ್ ತಾನಾಗಿ ನಿಲ್ಲಿಸುವ ಸೇಫ್ಟಿ ಕಂಟ್ರೋಲ್, ಎಲ್ಲಿದ್ದರೂ ಇಂಟರ್‌ಲಾಕೇ ಅಲ್ವಾ.

ಇಂದೋರ್‌ನ ಇಂಡಸ್-2 ಆಕ್ಸಿಲರೇಟರ್ ನೋಡಿ. ಸುಮಾರು 172 ಮೀಟರ್ ಸುತ್ತಳತೆಯ ರಿಂಗ್, ಎಲೆಕ್ಟ್ರಾನ್‌ಗಳ ಶಕ್ತಿ 2.5 ಜಿಇವಿ (250 ಕೋಟಿ ಎಲೆಕ್ಟ್ರಾನ್ ವೋಲ್ಟ್). ಇಂಥ ಕಡೆ ಬೀಮ್ (ಎಲೆಕ್ಟ್ರಾನ್‌ಗಳ ಹರಿವು) ಓಡುವಾಗ ಯಾರಾದರೂ ಬಾಗಿಲು ತೆರೆದರೆ ಬೀಮ್ ತಾನೇ ನಿಲ್ಲಬೇಕು, ವೈರ್ ಕಟ್ಟಾದರೂ ನಿಲ್ಲಬೇಕು. ಹೊಸ ಸಿಸ್ಟಮ್ ಹಾಕಿದರೆ ಪ್ರತಿ ಬಾಗಿಲು, ಪ್ರತಿ ಎಮರ್ಜೆನ್ಸಿ ಬಟನ್ ಮತ್ತೆ ಮೊದಲಿನಿಂದ ಪರೀಕ್ಷಿಸಬೇಕು, ಅಲ್ಲಿವರೆಗೆ ಮೆಷಿನ್ ಬಂದ್.

ಹಳೇ ಕಂಟ್ರೋಲ್‌ನಲ್ಲಿ ಮೊದಲು ಕೈ ಕೊಡುವುದು ಸಾಮಾನ್ಯವಾಗಿ ಪ್ರೊಸೆಸರ್ ಅಲ್ಲ, ಪವರ್ ಸಪ್ಲೈ. ಹೋದ ಮೇ ತಿಂಗಳಲ್ಲಿ ಒಂದು ಬಿಚ್ಚಿದೆ, ಕೆಪಾಸಿಟರ್ ತಲೆ ಹಂಚಿನ ಮೇಲಿನ ಜೋಳದ ರೊಟ್ಟಿ ಥರ ಉಬ್ಬಿತ್ತು. 10 ಡಿಗ್ರಿ ಬಿಸಿ ಜಾಸ್ತಿಯಾದರೆ ಅದರ ಆಯುಷ್ಯ ಹೆಚ್ಚುಕಡಿಮೆ ಅರ್ಧ, ಇನ್ನು ನಮ್ಮ ಬಿಸಿಲಿಗೆ ಕೇಳಬೇಕಾ. ಹಾಗಾಗಿ ಸಪ್ಲೈ, ಬ್ಯಾಟರಿ, ರಿಲೇ, ಫ್ಯಾನ್ ಇವನ್ನು ಕೆಡುವ ಮೊದಲೇ ಬದಲಿಸಬೇಕು. ಸ್ಪೇರ್ ಕಾರ್ಡ್ ಕಪಾಟಿನಲ್ಲಿ ಸುಮ್ನೆ ಇಟ್ಟರೆ ಸಾಲದು, ಆಗಾಗ ಕರೆಂಟ್ ಕೊಟ್ಟು ನೋಡಬೇಕು. ಪ್ರೋಗ್ರಾಂ ಬ್ಯಾಕಪ್ ಜೊತೆ ಅದನ್ನು ತೆರೆಯುವ ಹಳೇ ಲ್ಯಾಪ್‌ಟಾಪ್, ಕೇಬಲ್ ಕೂಡ ಬೇಕು. ಜನ ಮರೆಯುವುದು ಇದನ್ನೇ ರೀ.

ಆದರೆ ಪರೀಕ್ಷೆಯಲ್ಲಿ ಟ್ರಿಪ್ ಆಗುವುದು (ಮೆಷಿನ್ ತಾನೇ ನಿಲ್ಲುವುದು) ತಡವಾದರೆ, ಅಥವಾ ಸ್ಪೇರ್ ಸಿಗದೆ ಇಂಟರ್‌ಲಾಕನ್ನೇ ಬೈಪಾಸ್ ಮಾಡೋಣ ಅನ್ನುವ ಮಾತು ಬಂದರೆ, ಆಗ ಹೊಸದಕ್ಕೆ ದುಡ್ಡು ಕೇಳಲೇಬೇಕು.